‘ತ್ರ’ ಪ್ರತ್ಯಯದ ಮೂಲರೂಪವನ್ನು ಕಟ್ಟುವ ಕ್ರಮ

ಪಾತ್ರೆ, ವಸ್ತ್ರ, ಯಂತ್ರ, ಸೂತ್ರ, ಶಸ್ತ್ರ, ನೇತ್ರ, ಮಂತ್ರ, ಸ್ತೋತ್ರ ಮುಂತಾಗಿ ಕನ್ನಡದಲ್ಲಿ ನಾವು ದಿನವೂ ಬಳಸುವ ಅನೇಕ ಸಂಸ್ಕೃತಮೂಲದ ಪದಗಳ ಕೊನೆಯಲ್ಲಿ ‘ತ್ರ’ ಎಂಬ ಒಂದೇ ತುಣುಕು ಕಾಣಿಸುತ್ತದೆ. ಕ್ರಿಯೆಯನ್ನು ಹೇಳುವ ಧಾತುವಿಗೆ ಸೇರಿಕೊಂಡು, ಆ ಕ್ರಿಯೆ ಯಾವುದರಿಂದ ನಡೆಯುತ್ತದೆಯೋ ಅದಕ್ಕೆ ಹೆಸರಿಡುವುದು ಈ ಪ್ರತ್ಯಯದ ಕೆಲಸ. ಕುಡಿಯಲು ಬಳಸುವುದು ಪಾತ್ರ, ಉಡಲು ಬಳಸುವುದು ವಸ್ತ್ರ, ಹೊಲಿಯಲು ಬಳಸುವುದು ಸೂತ್ರ. ಗ್ರೀಕ್, ಲ್ಯಾಟಿನ್, ಐರಿಷ್, ಆರ್ಮೇನಿಯನ್, ಲಿಥುವೇನಿಯನ್ ಭಾಷೆಗಳಲ್ಲಿಯೂ ಇದೇ ಕೆಲಸವನ್ನು ಮಾಡುವ, ಇದನ್ನೇ ಹೋಲುವ ಪ್ರತ್ಯಯಗಳಿರುವುದರಿಂದ, ಇವೆಲ್ಲಕ್ಕೂ ತಾಯಿಯಾದ, ಆದರೆ ಒಂದಕ್ಷರವೂ ಬರಹದಲ್ಲಿ ಉಳಿಯದ ಮೂಲ ಇಂಡೋ-ಯುರೋಪಿಯನ್ ಭಾಷೆಗೆ *-ತ್ರೊಮ್ ಎಂಬ ರೂಪವನ್ನು ಪಂಡಿತರು ಕಟ್ಟಿಕೊಟ್ಟಿದ್ದಾರೆ. ಆ ರೂಪವನ್ನು ಓದುಗರು ತಾವೇ ಕಟ್ಟಿ ನೋಡುವುದು ಹೇಗೆ ಎಂಬುದನ್ನು ಇಲ್ಲಿ ಹೇಳಹೊರಟಿದ್ದೇನೆ. ಈ ಕೆಲಸಕ್ಕೆ ಸಂಸ್ಕೃತದ ಪರಿಚಯ ದೊಡ್ಡ ನೆರವು, ನಿಜ. ಆದರೆ ಎರಡು ಮುಖ್ಯ ಪ್ರಶ್ನೆಗಳಿಗೆ ಸಂಸ್ಕೃತದಲ್ಲಿ ಉತ್ತರವೇ ಇಲ್ಲ, ಮತ್ತು ಹೊಸಬರು ಎಡವುವುದು ಬಹುಮಟ್ಟಿಗೆ ಆ ಎರಡು ಕಡೆಗಳಲ್ಲಿಯೇ.

ಮೊದಲು ಬರವಣಿಗೆಯ ಕ್ರಮವನ್ನು ಗೊತ್ತುಮಾಡಿಕೊಳ್ಳೋಣ. ಯಾವ ಗ್ರಂಥದಲ್ಲಿಯೂ ಶಾಸನದಲ್ಲಿಯೂ ಸಿಗದ, ಹೋಲಿಕೆಯಿಂದ ಮಾತ್ರ ಸಿದ್ಧವಾದ ರೂಪದ ಮೊದಲಲ್ಲಿ ನಕ್ಷತ್ರ ಚಿಹ್ನೆಯನ್ನು (*) ಹಾಕಬೇಕು. 19ನೆಯ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ಶ್ಲೈಖರ್ ಈ ರೂಢಿಯನ್ನು ಬಳಕೆಗೆ ತಂದ. ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ-ದೀರ್ಘ ಭೇದ ಕನ್ನಡ ಲಿಪಿಯಲ್ಲಿದೆ, ಮಹಾಪ್ರಾಣಗಳೂ ಇವೆ. ಹಾಗಾಗಿ ಮೂಲಭಾಷೆಯ ರೂಪಗಳನ್ನು ಬರೆಯುವುದಕ್ಕೆ ದೇವನಾಗರಿಗಿಂತ ನಮ್ಮ ಲಿಪಿಯೇ ಹೆಚ್ಚು ಅನುಕೂಲ ಎಂದು ನನಗೆ ಅನ್ನಿಸಿದೆ. ಮುಂದೆ ಬರುವ ಹ್₁, ಹ್₂, ಹ್₃ ಎಂಬ ಗುರುತುಗಳನ್ನು ಅವುಗಳ ಜಾಗದಲ್ಲಿಯೇ ವಿವರಿಸುತ್ತೇನೆ.

ಪದಗಳನ್ನು ಕೂಡಿಸುವುದು, ಕಳೆಯುವುದು

ತ್ರಕಾರಾಂತವಾದ ಪದಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದುಕೊಂಡ ಮೇಲೆ, ಆ ಪಟ್ಟಿಯಲ್ಲಿ ನಿಲ್ಲಬಾರದವುಗಳನ್ನು ಹೊಡೆದುಹಾಕುವುದೇ ನಿಜವಾದ ಮೊದಲ ಕೆಲಸ. ಇದಕ್ಕೆ ಮೂರು ಪ್ರಶ್ನೆಗಳು ಸಾಕು: ‘ತ್ರ’ವನ್ನು ತೆಗೆದರೆ ಭಾಷೆಯಲ್ಲಿ ಬೇರೆಡೆಯೂ ಬಳಕೆಯಲ್ಲಿರುವ ಒಂದು ಧಾತು ಉಳಿಯುತ್ತದೆಯೇ? ಪದದ ಅರ್ಥ ಆ ಕ್ರಿಯೆಯ ಸಾಧನವೋ ನೆಲೆಯೋ ಆಗಿದೆಯೇ? ಸಂಸ್ಕೃತದಲ್ಲಿ ಅದು ನಪುಂಸಕಲಿಂಗವೇ? ಮೂರನೆಯದು ಕಡ್ಡಾಯವೇನಲ್ಲ. ಮಂತ್ರ ಸಂಸ್ಕೃತದಲ್ಲಿ ಪುಲ್ಲಿಂಗ, ಯಾತ್ರಾ ಮತ್ತು ಮಾತ್ರಾ ಸ್ತ್ರೀಲಿಂಗ; ಆದರೂ ಇವು ನಮ್ಮ ಪಟ್ಟಿಗೆ ಸೇರಿದವೇ. ಯಾತ್ರೆಯ ತದ್ಭವವಾದ ನಮ್ಮ ಜಾತ್ರೆಯೂ ಅದೇ ಸಾಲಿಗೆ ಬರುತ್ತದೆ.

ಈ ಪ್ರಶ್ನೆಗಳನ್ನು ಹಾಕಿದರೆ ‘ಚಿತ್ರ’ ಬಿದ್ದುಹೋಗುತ್ತದೆ, ಏಕೆಂದರೆ ಅದರಲ್ಲಿರುವ ತಕಾರ ‘ಚಿತ್’ ಎಂಬ ಧಾತುವಿನದು, ಪ್ರತ್ಯಯ ಬರಿಯ ‘ರ’. ‘ಸರ್ವತ್ರ’, ‘ಅನ್ಯತ್ರ’ಗಳಲ್ಲಿರುವುದು ಸ್ಥಳವನ್ನು ಹೇಳುವ ಅವ್ಯಯಪ್ರತ್ಯಯ. ‘ಪೌತ್ರ’ ಎನ್ನುವುದು ಪುತ್ರಶಬ್ದದಿಂದ ಹುಟ್ಟಿದ್ದು. ಪುತ್ರಶಬ್ದವನ್ನೂ ಪಕ್ಕಕ್ಕಿಡಬೇಕು: ಇಟಲಿಯ ಆಸ್ಕನ್ ಭಾಷೆಯ ‘ಪುಕ್ಲುಮ್’ ಎಂಬ ಜ್ಞಾತಿಪದದಿಂದ, ಅಂದರೆ ಒಂದೇ ಮೂಲದಿಂದ ಬಂದ ಪದದಿಂದ, ಇದರ ಪ್ರಾಚೀನತೆ ಸಿದ್ಧವಾಗುತ್ತದೆಯಾದರೂ ಇದು ಸಾಧನವಾಚಿಯಲ್ಲ, ಇದರ ತಕಾರ ಧಾತುವಿನದೋ ಪ್ರತ್ಯಯದ್ದೋ ಎಂಬ ಬಗ್ಗೆ ಒಮ್ಮತವೂ ಇಲ್ಲ. ವಿಜ್ಞಾನದ ಪುಸ್ತಕಗಳಲ್ಲಿ ಬರುವ ಸೈಕ್ಲೊಟ್ರಾನ್, ಸಿಂಕ್ರೊಟ್ರಾನ್‌ಗಳ ‘ಟ್ರಾನ್’ ಕೂಡ ಮೇಲ್ನೋಟಕ್ಕೆ ಸಾಧನವಾಚಿಯಂತೆಯೇ ಇದೆ. ಆದರೆ ಅದು ಎಲೆಕ್ಟ್ರಾನ್ ಪದದಿಂದ ಕತ್ತರಿಸಿ ತೆಗೆದದ್ದು, ಎಲೆಕ್ಟ್ರಾನ್ ಎಂಬ ಹೆಸರನ್ನು 1891ರಲ್ಲಿ ಜಾರ್ಜ್ ಜಾನ್‌ಸ್ಟನ್ ಸ್ಟೋನಿ ಇಟ್ಟದ್ದು, ಅದರ ಹಿಂದಿರುವ ಗ್ರೀಕ್ ಪದದ ಅರ್ಥ ಯಾವ ಸಾಧನವೂ ಅಲ್ಲ, ಅಂಬರ್ ಎಂಬ ಶಿಲಾರಾಳ.

ಇಲ್ಲಿ ನಮ್ಮ ಓದುಗರು ವಿಶೇಷವಾಗಿ ಎಚ್ಚರವಹಿಸಬೇಕಾದ ಒಂದು ವಿಷಯವಿದೆ. ಮನನ ಮಾಡುವವನನ್ನು ಕಾಪಾಡುವುದರಿಂದ ಮಂತ್ರ, ಪುತ್ ಎಂಬ ನರಕದಿಂದ ಕಾಪಾಡುವುದರಿಂದ ಪುತ್ರ, ಕ್ಷತದಿಂದ ಕಾಪಾಡುವುದರಿಂದ ಕ್ಷತ್ರ ಎಂದು ‘ತ್ರ’ವನ್ನೆಲ್ಲ ‘ತ್ರೈ’ ಧಾತುವಿಗೆ, ಅಂದರೆ ಕಾಪಾಡು ಎಂಬ ಅರ್ಥಕ್ಕೆ ಒಯ್ಯುವ ನಿರ್ವಚನಗಳನ್ನು ಹರಿಕಥೆಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಕೇಳಿದ್ದೇವೆ. ಅವುಗಳ ಉದ್ದೇಶವೇ ಬೇರೆ. ಪದದ ಹುಟ್ಟನ್ನು ತಿಳಿಯುವುದಕ್ಕೆ ಅವು ಸಾಕ್ಷಿಯಾಗುವುದಿಲ್ಲ. ಸ್ವಾರಸ್ಯವೆಂದರೆ, ಯಾರೂ ಅಷ್ಟಾಗಿ ಗಮನಿಸದ ‘ಗೋತ್ರ’ ಎಂಬ ಪದದಲ್ಲಿ ಆ ಧಾತು ನಿಜವಾಗಿಯೂ ಇದೆಯೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅದರ ಹಳೆಯ ಅರ್ಥ ಗೋವುಗಳನ್ನು ಕಾಯುವ ದೊಡ್ಡಿ. ಆದುದರಿಂದ ಗೋತ್ರವನ್ನೂ ಪಟ್ಟಿಯಿಂದ ತೆಗೆಯಬೇಕು.

ಪಟ್ಟಿಯನ್ನು ಪರಿಶೀಲಿಸಲು ಪಾಣಿನಿಗಿಂತ ಒಳ್ಳೆಯ ಮಾರ್ಗದರ್ಶಕರಿಲ್ಲ. ಅಷ್ಟಾಧ್ಯಾಯಿಯ 3.2.182ನೆಯ ಸೂತ್ರ 13 ಧಾತುಗಳನ್ನು ಹೆಸರಿಸಿ, ಕರಣಾರ್ಥದಲ್ಲಿ ಅವುಗಳಿಗೆ ‘ಷ್ಟ್ರನ್’ ಪ್ರತ್ಯಯವನ್ನು ವಿಧಿಸುತ್ತದೆ. ಕುಡುಗೋಲೆಂಬ ಅರ್ಥದ ದಾತ್ರ, ನೇತ್ರ, ಶಸ್ತ್ರ, ಸ್ತೋತ್ರ, ನೊಗಕ್ಕೆ ಕಟ್ಟುವ ಹಗ್ಗವಾದ ಯೋಕ್ತ್ರ, ದನವನ್ನು ತಿವಿಯುವ ಕೋಲಾದ ತೋತ್ತ್ರ ಇವೆಲ್ಲ ಆ ಸೂತ್ರದಿಂದ ಸಿದ್ಧವಾಗುತ್ತವೆ. ಮೊದಲಿನ ಷಕಾರವೂ ಕೊನೆಯ ನಕಾರವೂ ಗುರುತಿಗೆ ಹಾಕಿದ ಅನುಬಂಧಗಳು: ಷಕಾರ ಸ್ತ್ರೀಲಿಂಗದಲ್ಲಿ ಈಕಾರ ಬರುವುದನ್ನು ಸೂಚಿಸಿದರೆ, ನಕಾರ ಪದದ ಮೊದಲ ಅಕ್ಷರ ಉದಾತ್ತವೆಂಬುದನ್ನು ಸೂಚಿಸುತ್ತದೆ. ಷಕಾರ ಹೋದೊಡನೆ ಅದರ ಸಂಗದಿಂದ ಬಂದ ಟಕಾರ ತಕಾರವಾಗಿ, ನಮಗೆ ಬೇಕಾದ ‘ತ್ರ’ ಉಳಿಯುತ್ತದೆ. 3.2.184ನೆಯ ಸೂತ್ರ ಇನ್ನೂ 7 ಧಾತುಗಳಿಗೆ ‘ಇತ್ರ’ ಎಂಬ ಬೇರೆ ಪ್ರತ್ಯಯವನ್ನು ಹೇಳುತ್ತದೆ. ಅರಿತ್ರ, ಲವಿತ್ರ, ಖನಿತ್ರ, ಚರಿತ್ರಗಳು ಅದರಿಂದ ಬಂದವು. ಈ ಇಕಾರವನ್ನು ನೆನಪಿನಲ್ಲಿಡಿ, ಅದಕ್ಕೆ ಮತ್ತೆ ಬರಬೇಕಾಗಿದೆ.

ಕನ್ನಡ, ತೆಲುಗು, ಮಲಯಾಳಂ ಭಾಷೆಗಳಲ್ಲಿರುವ ತ್ರಕಾರಾಂತ ಪದಗಳನ್ನು ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಬಾರದು. ಅವೆಲ್ಲ ಸಂಸ್ಕೃತದಿಂದ ಬಂದ ಎರವಲುಗಳಾದ್ದರಿಂದ ಎಲ್ಲ ಸೇರಿ ಒಂದೇ ಸಾಕ್ಷಿ. ಗ್ರೀಕಿನ ‘ಥೆಆತ್ರೊನ್’ನಿಂದ ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್‌ಗಳ ಮೂಲಕ ನಮ್ಮೂರಿಗೆ ಬಂದಿರುವ ಥಿಯೇಟರಿಗೂ ಇದೇ ನಿಯಮ.

ಸಂಧಿಯ ಮುಸುಕು

ಕೆಲವು ಪದಗಳಲ್ಲಿ ಪ್ರತ್ಯಯ ಇದ್ದೂ ಕಾಣಿಸುವುದಿಲ್ಲ. ‘ರಾಷ್ಟ್ರ’ ಎಂಬುದು ‘ರಾಜ್’ ಧಾತುವಿಗೆ ‘ತ್ರ’ ಸೇರಿ ಆದದ್ದು; ‘ದಂಷ್ಟ್ರಾ’ ಎಂಬುದು ಕಚ್ಚು ಎಂಬರ್ಥದ ‘ದಂಶ್’ನಿಂದ ಬಂದದ್ದು. ಛತ್ರದ ಶುದ್ಧರೂಪ ‘ಛತ್ತ್ರ’, ಅದು ಹೊದಿಸು ಎಂಬರ್ಥದ ‘ಛದ್’ನಿಂದ ಬಂದದ್ದು. ತೊಗಲಿನ ಪಟ್ಟಿಯೆಂಬ ಅರ್ಥದ ‘ನದ್ಧ್ರೀ’ಯಲ್ಲಿ ಧಕಾರ ಕಾಣುತ್ತದೆಯಾದರೂ ಅದು ‘ನಹ್’ ಧಾತುವಿನ ಮಹಾಪ್ರಾಣತ್ವ ತಕಾರದ ಮೇಲೆ ಸರಿದದ್ದರ ಫಲ, ‘ಬದ್ಧ’ ‘ಬುದ್ಧ’ಗಳಲ್ಲಿ ಆಗುವಂತೆ. ಮುಂದೆ *-ಧ್ರೊಮ್ ಎಂಬ ಇನ್ನೊಂದು ರೂಪ ಬರುವುದರಿಂದ, ಸಂಸ್ಕೃತದೊಳಗೇ ಹುಟ್ಟಿದ ಈ ಧಕಾರವನ್ನು ಅದಕ್ಕೆ ಪುರಾವೆಯಾಗಿ ಹಿಡಿಯಬಾರದು.

ಸಂಸ್ಕೃತದ ಪಕ್ಕದ ಭಾಷೆಯಾದ, ಪ್ರಾಚೀನ ಇರಾನಿನ ಅವೆಸ್ತನ್‌ನೊಡನೆ ಹೋಲಿಕೆ ಸುಲಭ. ಅಲ್ಲಿ ರಕಾರಕ್ಕೆ ಮೊದಲು ಬರುವ ತಕಾರ ಉಸಿರು ಉಜ್ಜಿ ಹೊರಡುವ ಥಕಾರವಾಗುತ್ತದೆ: ಮಂತ್ರಕ್ಕೆ ‘ಮಂಥ್ರ’, ಹೋತ್ರಕ್ಕೆ ‘ಜ಼ಓಥ್ರ’. ಸಕಾರದ ನಂತರ ಮಾತ್ರ ತಕಾರ ಹಾಗೆಯೇ ಉಳಿಯುವುದರಿಂದ ವಸ್ತ್ರ ಅಲ್ಲಿಯೂ ‘ವಸ್ತ್ರ’. ಇಷ್ಟರಿಂದ ಇಂಡೋ-ಇರಾನಿಯನ್ ಹಂತದಲ್ಲಿ ‘ತ್ರ’ ಇತ್ತೆಂದು ಸಿದ್ಧವಾಯಿತು. ಇಲ್ಲಿಂದ ಮುಂದೆ ಪಶ್ಚಿಮದ ಭಾಷೆಗಳಿಲ್ಲದೆ ಹೆಜ್ಜೆಯಿಡಲಾಗದು.

ನೇಗಿಲು ಮತ್ತು ಹುಟ್ಟು

ಪಶ್ಚಿಮದ ಸಾಕ್ಷ್ಯದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ನೇಗಿಲಿನ ಹೆಸರು. ಗ್ರೀಕಿನಲ್ಲಿ ‘ಅರೊತ್ರೊನ್’, ಲ್ಯಾಟಿನ್ನಿನಲ್ಲಿ ‘ಅರಾತ್ರುಮ್’, ಹಳೆಯ ಐರಿಷ್‌ನಲ್ಲಿ ‘ಅರಥರ್’, ಆರ್ಮೇನಿಯನ್‌ನಲ್ಲಿ ‘ಅರವ್ರ್’. ಒಂದೊಂದು ಧ್ವನಿಯನ್ನೂ ಒಂದರ ಕೆಳಗೊಂದು ಬರುವಂತೆ ಬರೆದುಕೊಂಡು, ವ್ಯತ್ಯಾಸ ಕಂಡಲ್ಲೆಲ್ಲ ಅದಕ್ಕೆ ಆ ಭಾಷೆಯ ಬೇರೆ ಪದಗಳಲ್ಲಿಯೂ ಕಾಣುವ ಕಾರಣವನ್ನು ಕೊಡಬೇಕು. ಆರ್ಮೇನಿಯನ್ ರೂಪದಲ್ಲಿ ತಕಾರದ ಬದಲು ವಕಾರವಿರುವುದು ಆ ಭಾಷೆಯಲ್ಲಿ ರಕಾರಕ್ಕೆ ಮೊದಲು ಬರುವ ತಕಾರಕ್ಕೆ ಆಗುವ ಗತಿ; ತಂದೆಯೆಂಬ ಪದದ ಷಷ್ಠೀರೂಪದಲ್ಲಿಯೂ ಅದೇ ಆಗಿದೆ. ಲ್ಯಾಟಿನ್ನಿನ ದೀರ್ಘ ಆಕಾರ ಉಳು ಎಂಬರ್ಥದ ‘ಅರಾರೆ’ ಕ್ರಿಯಾಪದವನ್ನು ನೋಡಿ ತಿದ್ದಿಕೊಂಡದ್ದು. ಐರಿಷ್ ಆ ಜಾಗದಲ್ಲಿ ಹ್ರಸ್ವವನ್ನೇ ಉಳಿಸಿಕೊಂಡಿದೆ. ಕೊನೆಯಲ್ಲಿ ಗ್ರೀಕಿನ ನಕಾರಕ್ಕೂ ಲ್ಯಾಟಿನ್ನಿನ ಮಕಾರಕ್ಕೂ ಇರುವ ಭೇದವೂ ನಿಯತವಾದದ್ದೇ: ಗ್ರೀಕಿನಲ್ಲಿ ಪದಾಂತ್ಯದ ಮಕಾರವೆಲ್ಲ ನಕಾರವಾಗುತ್ತದೆ. ಲ್ಯಾಟಿನ್ನಿನ ಉಕಾರ ಹಿಂದೆ ಒಕಾರವಾಗಿತ್ತು ಎಂಬುದನ್ನು ಆ ಭಾಷೆಯ ಹಳೆಯ ಶಾಸನಗಳೇ ತೋರಿಸುತ್ತವೆ. ಹೀಗೆ ಪ್ರತ್ಯಯಕ್ಕೆ *-ತ್ರೊಮ್ ಎಂಬ ರೂಪ ಬರುತ್ತದೆ. ಸಂಸ್ಕೃತದ ‘ತ್ರಮ್’ನಲ್ಲಿರುವ ಅಕಾರ ಹಿಂದಿನ ಒಕಾರದ ಮಾರ್ಪಾಡು.

ಈ ಹಂತದಲ್ಲಿ ಸಂಸ್ಕೃತದ ‘ಅರಿತ್ರ’ವನ್ನು ಕಂಡವರಿಗೆ ಅದನ್ನು ಗ್ರೀಕಿನ ‘ಅರೊತ್ರೊನ್’ ಪಕ್ಕದಲ್ಲಿ ಕೂರಿಸುವ ಆಸೆ ಹುಟ್ಟುವುದು ಸಹಜ. ರೂಪ ಅಷ್ಟು ಹತ್ತಿರವಾಗಿದೆ. ಆದರೆ ಅರಿತ್ರವೆಂದರೆ ನೇಗಿಲಲ್ಲ, ದೋಣಿಯ ಹುಟ್ಟು. ಅಶ್ವಿನೀದೇವತೆಗಳು ಸಮುದ್ರದಲ್ಲಿ ಸಿಲುಕಿದ ಭುಜ್ಯುವನ್ನು ನೂರು ಹುಟ್ಟುಗಳ ನಾವೆಯಲ್ಲಿ ಮನೆಗೆ ಕರೆತಂದರೆಂದು ಹೇಳುವ ಋಗ್ವೇದದ 1.116.5ನೆಯ ಋಕ್ಕಿನಲ್ಲಿ ‘ಶತಾರಿತ್ರಾಂ ನಾವಮ್’ ಎಂದು ಬರುವುದು ಇದೇ ಪದ. (ಅದೇ ಸೂಕ್ತದ 15ನೆಯ ಋಕ್ಕಿನಲ್ಲಿ ವಿಶ್ಪಲೆಯ ‘ಚರಿತ್ರ’ವು ಹಕ್ಕಿಯ ರೆಕ್ಕೆಯಂತೆ ಕತ್ತರಿಸಿಹೋಯಿತೆಂದಿದೆ. ಅಲ್ಲಿ ಚರಿತ್ರವೆಂದರೆ ಕಾಲು, ಚಲಿಸುವ ಸಾಧನ. ನಾವು ಶಾಲೆಯಲ್ಲಿ ಓದಿದ ಚರಿತ್ರೆ ಬಹಳ ದೂರ ನಡೆದುಬಂದಿದೆ.) ಅರ್ಥ ಬೇರೆಯಾಗಿದೆ ಎಂಬ ಒಂದೇ ಕಾರಣಕ್ಕೆ ಹೋಲಿಕೆಯನ್ನು ಬಿಡಬೇಕಾಗಿಲ್ಲ, ಅರ್ಥ ಬದಲಾಗುವುದುಂಟು. ಇಲ್ಲಿ ಬಿಡಬೇಕಾದದ್ದು ಧ್ವನಿಯ ಕಾರಣಕ್ಕೆ, ಮತ್ತು ಆ ಕಾರಣ ಸಂಸ್ಕೃತದೊಳಗೆ ಕಾಣುವುದಿಲ್ಲ.

ಮೂಲಭಾಷೆಯಲ್ಲಿದ್ದ ಎಕಾರ, ಒಕಾರ, ಅಕಾರ ಮೂರೂ ಸಂಸ್ಕೃತದಲ್ಲಿ ಅಕಾರವಾಗಿ ಕೂಡಿಹೋಗಿವೆ. ಅಲ್ಲದೆ ಮೂಲಭಾಷೆಯಲ್ಲಿ ಗಂಟಲಿನ ಭಾಗದಲ್ಲಿ ಹುಟ್ಟುತ್ತಿದ್ದವೆಂದು ಊಹಿಸಲಾದ, ಲ್ಯಾರಿಂಜಿಯಲ್ ಎಂದು ಕರೆಯುವ ಮೂರು ವ್ಯಂಜನಗಳಿದ್ದವು. ಹ್₁, ಹ್₂, ಹ್₃ ಎಂದು ಬರೆಯುವುದು ಇವನ್ನೇ. ಇಂಥ ಕೆಲವು ಧ್ವನಿಗಳು ಇದ್ದಿರಲೇಬೇಕೆಂದು 1879ರಲ್ಲಿ ಫರ್ಡಿನೆಂಡ್ ದ ಸೊಸ್ಯೂರ್ ಬರಿಯ ತರ್ಕದಿಂದ ವಾದಿಸಿದ್ದ. 1915ರಲ್ಲಿ ಬೆಡ್ರಿಖ್ ಹ್ರೊಜ್ನಿ ಇಂದಿನ ಟರ್ಕಿಯಲ್ಲಿ ಹಿಂದೆ ಬಳಕೆಯಲ್ಲಿದ್ದ ಹಿಟೈಟ್ ಭಾಷೆಯನ್ನು ಓದಿ ಅದು ಇದೇ ಕುಟುಂಬದ್ದೆಂದು ತೋರಿಸಿದ ಮೇಲೆ, ಸೊಸ್ಯೂರ್ ಹೇಳಿದ ಕೆಲವು ಜಾಗಗಳಲ್ಲಿಯೇ ಹಿಟೈಟಿನಲ್ಲಿ ಹಕಾರದಂಥ ಧ್ವನಿ ಉಳಿದಿರುವುದನ್ನು 1927ರಲ್ಲಿ ಯೆಜಿ ಕುರಿವೊವಿಚ್ ಗುರುತಿಸಿದ. ಎರಡು ವ್ಯಂಜನಗಳ ನಡುವೆ ಸಿಕ್ಕಿಕೊಂಡಾಗ ಈ ಮೂರೂ ಸಂಸ್ಕೃತದಲ್ಲಿ ಇಕಾರವಾಗುತ್ತವೆ. ಗ್ರೀಕ್ ಮಾತ್ರ ಮೂರನ್ನೂ ಬೇರೆಬೇರೆಯಾಗಿ ಉಳಿಸಿಕೊಂಡಿದೆ: ಹ್₁ ಇದ್ದಲ್ಲಿ ಎಕಾರ, ಹ್₂ ಇದ್ದಲ್ಲಿ ಅಕಾರ, ಹ್₃ ಇದ್ದಲ್ಲಿ ಒಕಾರ. ಪದದ ಮೊದಲಲ್ಲಿ ಎಕಾರದೊಡನೆ ಸೇರಿದಾಗಲೂ ಇವೇ ಸ್ವರಗಳು ಕಾಣುತ್ತವೆ.

ಈ ಬೆಳಕಿನಲ್ಲಿ ಎರಡೂ ಪದಗಳನ್ನು ನೋಡಿರಿ. ಅರೊತ್ರೊನ್‌ನ ಮೊದಲ ಅಕಾರ ಹ್₂ ಅನ್ನೂ ನಡುವಿನ ಒಕಾರ ಹ್₃ ಅನ್ನೂ ಸೂಚಿಸುವುದರಿಂದ ಉಳು ಎಂಬ ಧಾತು *ಹ್₂ಎರ್‌ಹ್₃, ನೇಗಿಲು *ಹ್₂ಎರ್‌ಹ್₃-ತ್ರೊಮ್. ಹುಟ್ಟಿಗೆ ಗ್ರೀಕರು ಬೇರೆ ಪ್ರತ್ಯಯ ಸೇರಿಸಿ ‘ಎರೆತ್ಮೊನ್’ ಎಂದರು, ಹುಟ್ಟು ಹಾಕುವವನನ್ನು ‘ಎರೆತೇಸ್’ ಎಂದರು. ಇಲ್ಲಿ ಎರಡೂ ಕಡೆ ಎಕಾರ. ಆದುದರಿಂದ ಹುಟ್ಟು ಹಾಕು ಎಂಬ ಧಾತು *ಹ್₁ಎರ್‌ಹ್₁, ಅರಿತ್ರ *ಹ್₁ಎರ್‌ಹ್₁-ತ್ರೊಮ್. ಗ್ರೀಕ್ ಭೇದವನ್ನು ಉಳಿಸಿಕೊಳ್ಳದೆ ಹೋಗಿದ್ದರೆ ಈ ಎರಡು ಧಾತುಗಳು ನಮಗೆ ಒಂದೇ ಆಗಿ ಕಾಣುತ್ತಿದ್ದವು. ಲಿಥುವೇನಿಯನ್ ಭಾಷೆಯಲ್ಲಿಯೂ ಈ ಜೋಡಿ ಬೇರೆಬೇರೆಯಾಗಿಯೇ ನಿಂತಿದೆ: ‘ಅರ್ಕ್ಲಸ್’ ನೇಗಿಲು, ‘ಇರ್ಕ್ಲಸ್’ ಹುಟ್ಟು. ಆ ಭಾಷೆಯಲ್ಲಿ ಕುದುರೆಗೆ ‘ಅರ್ಕ್ಲೀಸ್’ ಎನ್ನುತ್ತಾರೆ, ನೇಗಿಲಿನ ಪ್ರಾಣಿ ಎಂದು. ಇಂಗ್ಲಿಷಿನ ರಡ್ಡರ್, ಜರ್ಮನ್ನಿನ ರೂಡರ್ ಪದಗಳೂ ಹುಟ್ಟು ಹಾಕುವ ಧಾತುವಿಗೇ *-ತ್ರೊಮ್ ಸೇರಿ ಆದವು, ಧಾತುವಿನ ಸ್ವರದ ದರ್ಜೆ, ಅಂದರೆ ಒಂದೇ ಧಾತುವಿನ ಸ್ವರ ಬದಲಾಗುವ ಮಟ್ಟ, ಮಾತ್ರ ಬೇರೆ. ಇನ್ನು ಉಳು ಎಂಬ *ಹ್₂ಎರ್‌ಹ್₃ ಧಾತುವಿನ ಕ್ರಿಯಾಪದ ಇಂಡೋ-ಇರಾನಿಯನ್ ಶಾಖೆಯಲ್ಲಿ ಉಳಿದಿಲ್ಲ. ಸಂಸ್ಕೃತ ಅದಕ್ಕೆ ‘ಕೃಷ್’ ಧಾತುವನ್ನು ಬಳಸುತ್ತದೆ.

ಪಾಣಿನಿಯ ‘ಇತ್ರ’ದ ಗುಟ್ಟು ಈಗ ಬಿಡಿಸಿತು. ಅದು ಬೇರೆ ಪ್ರತ್ಯಯವಲ್ಲ. ಅರಿತ್ರ, ಲವಿತ್ರ, ಖನಿತ್ರಗಳ ಇಕಾರ ಧಾತುವಿನ ಕೊನೆಯಲ್ಲಿದ್ದ ಲ್ಯಾರಿಂಜಿಯಲ್‌ನ ಅವಶೇಷ, ವೈಯಾಕರಣರು ಸೇಟ್ ಧಾತುಗಳೆಂದು ಕರೆದವುಗಳಲ್ಲಿ ಇಡಾಗಮವಾಗಿ, ಅಂದರೆ ಧಾತುವಿಗೂ ಪ್ರತ್ಯಯಕ್ಕೂ ನಡುವೆ ಸೇರುವ ಇಕಾರವಾಗಿ, ಕಾಣುವುದೂ ಮೂಲತಃ ಅದೇ. ಕಾಲಾನಂತರ ಆ ಇಕಾರ ಸಾದೃಶ್ಯದಿಂದ ಬೇರೆ ಧಾತುಗಳಿಗೂ ಹಬ್ಬಿತು. ಪಾಣಿನಿಯ ಗುರಿ ತನ್ನ ಕಾಲದ ಭಾಷೆಯನ್ನು ಕಡಿಮೆ ಮಾತಿನಲ್ಲಿ ಪೂರ್ತಿಯಾಗಿ ವಿವರಿಸುವುದಾಗಿತ್ತು. ಆ ಗುರಿಗೆ ‘ಇತ್ರ’ವನ್ನು ಬೇರೆಯಾಗಿ ಹೇಳಿದ್ದು ಸರಿಯೇ. ಚರಿತ್ರೆಯನ್ನು ಹುಡುಕುವವರು ಮಾತ್ರ ಅದನ್ನು ಬಿಡಿಸಿ ಓದಬೇಕು.

ರಕಾರವೋ ಲಕಾರವೋ

ಸಂಸ್ಕೃತ ಮೌನವಾಗುವ ಎರಡನೆಯ ಪ್ರಶ್ನೆ ಇದು. ಮೂಲಭಾಷೆಯ ಲಕಾರ ಇಂಡೋ-ಇರಾನಿಯನ್‌ನಲ್ಲಿ ಬಹುಮಟ್ಟಿಗೆ ರಕಾರವಾಗಿರುವುದರಿಂದ, ಸಂಸ್ಕೃತದ ‘ತ್ರ’ದ ಹಿಂದೆ ‘ತ್ರೊ’ ಇದ್ದಿರಬಹುದು, ‘ತ್ಲೊ’ ಕೂಡ ಇದ್ದಿರಬಹುದು. ಪಾತ್ರಶಬ್ದಕ್ಕೆ ಲ್ಯಾಟಿನ್ನಿನಲ್ಲಿ ಜೊತೆಯಾಗಿ ನಿಲ್ಲುವುದು ಬಟ್ಟಲೆಂಬ ಅರ್ಥದ ‘ಪೋಕುಲುಮ್’. ಕ್ರಿ.ಪೂ. 3ನೆಯ ಶತಮಾನದ ಬಟ್ಟಲುಗಳ ಮೇಲೆ, ಅವು ಯಾವ ದೇವತೆಗೆ ಮೀಸಲೋ ಆ ದೇವತೆಯ ಹೆಸರಿನೊಡನೆ, ಇದು ‘ಪೋಕೊಲೊಮ್’ ಎಂದು ಬರೆದುಕೊಂಡಿದೆ. ಲ್ಯಾಟಿನ್ನಿನಲ್ಲಿ ಪದದ ನಡುವಿನ ತ್ಲಕಾರ ಕ್ಲಕಾರವಾಗಿ, ಅದರ ನಡುವೆ ಒಂದು ಸ್ವರ ಹುಟ್ಟಿಕೊಂಡಿತು. ಆ ಎರಡು ಬದಲಾವಣೆಗಳನ್ನೂ ಹಿಂದಕ್ಕೆ ತೆಗೆದುಕೊಂಡರೆ ಸಿಗುವುದು *ಪೋ-ತ್ಲೊಮ್, ಅದಕ್ಕೂ ಹಿಂದೆ *ಪೆಹ್₃-ತ್ಲೊಮ್. ಪಾತ್ರವೂ ಇದರಿಂದಲೇ ಬಂದಿರಬಹುದು, *ಪೆಹ್₃-ತ್ರೊಮ್‌ನಿಂದಲೂ ಬಂದಿರಬಹುದು. ಸಂಸ್ಕೃತವನ್ನು ಎಷ್ಟು ಹಿಂಡಿದರೂ ಇದರ ತೀರ್ಮಾನ ಹೊರಡುವುದಿಲ್ಲ.

ಹಾಗಾಗಿ ರ-ಲ ಭೇದವನ್ನು ಕಾಪಾಡಿಕೊಂಡ ಭಾಷೆಗಳನ್ನೇ ಕೇಳಬೇಕು, ಮತ್ತು ಅವುಗಳ ಉತ್ತರ ಒಂದೇ ಆಗಿಲ್ಲ. ಲಿಥುವೇನಿಯನ್ನಿನ ‘ಕ್ಲಸ್’ ಹಿಂದಿನ ‘ತ್ಲೊ’ದಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ಆದಂತೆಯೇ ಇಲ್ಲಿಯೂ ತಕಾರ ಕಕಾರವಾಗಿದೆಯಾದರೂ ಎರಡು ಭಾಷೆಗಳಲ್ಲಿ ಅದು ಬೇರೆಬೇರೆಯಾಗಿ ಆದದ್ದು, ಅದನ್ನು ಮೂಲಭಾಷೆಗೆ ಒಯ್ಯಬಾರದು. ಸ್ಲಾವಿಕ್ ಶಾಖೆಯಲ್ಲಿ ನೇಗಿಲು ಚೆಕ್ ಭಾಷೆಯಲ್ಲಿ ‘ರಾದ್ಲೊ’. ಚೆಕ್ ಭಾಷೆ ತ್ಲ ಮತ್ತು ದ್ಲಗಳನ್ನು ಬೆರೆಸುವುದಿಲ್ಲವಾದ್ದರಿಂದ ಇದರ ಹಿಂದೆ ಇರುವುದು ಮಹಾಪ್ರಾಣ ಧಕಾರದ *-ಧ್ಲ. ಹಳೆಯ ಚರ್ಚ್ ಸ್ಲಾವೊನಿಕ್‌ನ ‘ರಾಲೊ’ ಇಲ್ಲಿ ಪ್ರಯೋಜನಕ್ಕೆ ಬಾರದು, ಏಕೆಂದರೆ ದಕ್ಷಿಣ ಸ್ಲಾವಿಕ್‌ನಲ್ಲಿ ಲಕಾರಕ್ಕೆ ಮೊದಲು ಬರುವ ತಕಾರ, ದಕಾರ ಎರಡೂ ಬಿದ್ದುಹೋಗುತ್ತವೆ. ಜರಡಿಗೆ ಲ್ಯಾಟಿನ್ನಿನಲ್ಲಿ ‘ಕ್ರೀಬ್ರುಮ್’, ಐರಿಷ್‌ನಲ್ಲಿ ‘ಕ್ರೀಅಥರ್’: ಬೇರ್ಪಡಿಸು ಎಂಬ ಒಂದೇ ಧಾತು, ಆದರೆ ಲ್ಯಾಟಿನ್ನಿನ ಬಕಾರದ ಹಿಂದೆ *-ಧ್ರೊಮ್, ಐರಿಷ್‌ನ ಥಕಾರದ ಹಿಂದೆ *-ತ್ರೊಮ್.

ಇದರೊಳಗೆ ಇನ್ನೊಂದು ತೊಡಕಿದೆ. ಒಂದೇ ಪದದಲ್ಲಿ ಎರಡು ಲಕಾರಗಳು ಹತ್ತಿರ ಬಂದರೆ ನಾಲಗೆ ಒಂದನ್ನು ರಕಾರವಾಗಿ ಮಾಡಿಕೊಳ್ಳುತ್ತದೆ. ಲ್ಯಾಟಿನ್ನಿನಲ್ಲಿ ‘ಕುಲುಮ್’ ಎಂದಾಗಬೇಕಾದ ಪ್ರತ್ಯಯ, ಧಾತುವಿನಲ್ಲಿ ಲಕಾರವಿದ್ದಾಗ ‘ಕ್ರುಮ್’ ಆಗುವುದು ಇದೇ ಕಾರಣಕ್ಕೆ. ‘ಸಿಮುಲಾಕ್ರುಮ್’, ‘ಲವಾಕ್ರುಮ್’ ಪದಗಳು ಇದಕ್ಕೆ ಉದಾಹರಣೆ. ಆದ್ದರಿಂದ ರಕಾರವಿರುವ ಯಾವುದೇ ಸಾಕ್ಷ್ಯವನ್ನು ಒಪ್ಪುವ ಮೊದಲು ಧಾತುವಿನಲ್ಲಿ ಲಕಾರವಿದೆಯೇ ಎಂದು ನೋಡಬೇಕು. ಲಕಾರವಿರುವ ಸಾಕ್ಷ್ಯಕ್ಕೆ ಧಾತುವಿನಲ್ಲಿ ರಕಾರವಿದೆಯೇ ಎಂದು ನೋಡಬೇಕು.

ಫಲಿತವನ್ನು ಬರೆಯುವುದು

ಹೀಗೆ ಕೊನೆಗೆ ಕೈಯಲ್ಲಿ ಉಳಿಯುವುದು ಒಂದಲ್ಲ, ನಾಲ್ಕು ರೂಪಗಳು: *-ತ್ರೊಮ್, *-ತ್ಲೊಮ್, *-ಧ್ರೊಮ್, *-ಧ್ಲೊಮ್. ನಾಲ್ಕೂ ನಪುಂಸಕಲಿಂಗ, ನಾಲ್ಕಕ್ಕೂ ಕೆಲಸ ಒಂದೇ. ಬರೆಯುವಾಗ ನಾಲ್ಕನ್ನೂ ಬರೆಯುವುದೇ ಪ್ರಾಮಾಣಿಕ ಕ್ರಮ. ಇವು ಹೇಗೆ ಹುಟ್ಟಿದವು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ದಾತೃ, ಪಾತೃಗಳಲ್ಲಿ ಕಾಣುವ, ಕರ್ತೃವನ್ನು ಹೇಳುವ *-ತೆರ್ ಪ್ರತ್ಯಯದ ಸ್ವರ ಬಿದ್ದು, ಅದಕ್ಕೆ ಒಕಾರ ಸೇರಿ *-ತ್ರೊಮ್ ಆಯಿತೆಂಬುದು ಹಳೆಯ ಮತ. ಅದು ರಕಾರವನ್ನು ಚೆನ್ನಾಗಿ ವಿವರಿಸುತ್ತದೆ, ಲಕಾರವನ್ನು ವಿವರಿಸುವುದಿಲ್ಲ. ಡೆನ್ಮಾರ್ಕಿನ ವಿದುಷಿ ಬಿರ್ಗಿಟ್ ಓಲ್ಸನ್ 1988ರಲ್ಲಿ *-ತ್ಲೊಮ್ ಅನ್ನೇ ಮೂಲವಾಗಿ ಹಿಡಿದು, ಹಿಂದಿನ ಲ್ಯಾರಿಂಜಿಯಲ್‌ನ ಪ್ರಭಾವದಿಂದ ತಕಾರ ಧಕಾರವಾಯಿತೆಂದು ವಾದಿಸಿದರು. ಈ ವಾದ ಆಕರ್ಷಕವಾಗಿದೆ, ಆದರೆ ಇದನ್ನು ಒಪ್ಪುವವರು ಲ್ಯಾರಿಂಜಿಯಲ್ ಇದ್ದೂ ತಕಾರವನ್ನೇ ಉಳಿಸಿಕೊಂಡ ಪೋಕುಲುಮ್, ಅರೊತ್ರೊನ್‌ಗಳಂಥ ರೂಪಗಳಿಗೆ ಬೇರೆ ಸಮಾಧಾನವನ್ನು ಹೇಳಬೇಕಾಗುತ್ತದೆ. ನನ್ನ ಮಟ್ಟಿಗೆ, ಅಭ್ಯಾಸ ಮಾಡುವವರು ಯಾವ ಪಕ್ಷವನ್ನೂ ಹಿಡಿಯದೆ ನಾಲ್ಕು ರೂಪಗಳನ್ನೂ ಒಂದು ಗುಂಪೆಂದು ಇಟ್ಟುಕೊಳ್ಳುವುದು ಲೇಸು.

ಪ್ರತ್ಯಯವನ್ನು ಕಟ್ಟಿದ ಮಾತ್ರಕ್ಕೆ ಪದವನ್ನೂ ಕಟ್ಟಿದಂತಾಗಲಿಲ್ಲ. ಹೊಲಿಯುವ ಧಾತುವಿನಿಂದ ಸಂಸ್ಕೃತದಲ್ಲಿ ದಾರವೆಂಬರ್ಥದ ‘ಸೂತ್ರ’, ಲ್ಯಾಟಿನ್ನಿನಲ್ಲಿ ತೊಗಲು ಚುಚ್ಚುವ ದಬ್ಬಳವೆಂಬರ್ಥದ ‘ಸೂಬುಲಾ’, ಚೆಕ್‌ನಲ್ಲಿ ಅದೇ ಅರ್ಥದ ‘ಶೀದ್ಲೊ’ ಬಂದಿವೆ. ಸೂತ್ರದ ಪ್ರತ್ಯಯದಲ್ಲಿ ತಕಾರ, ಉಳಿದೆರಡರ ಹಿಂದೆ ಧಕಾರ. ಅರ್ಥವೂ ಒಂದು ಕಡೆ ದಾರ, ಇನ್ನೊಂದು ಕಡೆ ಮೊನೆ. ಜೀವಂತವಾಗಿದ್ದ ಪ್ರತ್ಯಯವನ್ನು ಒಂದೊಂದು ಭಾಷೆಯೂ ತನಗೆ ಬೇಕಾದಾಗ ಹಳೆಯ ಧಾತುವಿಗೆ ಹೊಸದಾಗಿ ಸೇರಿಸಿಕೊಳ್ಳಬಲ್ಲುದು. ಚೆಕ್ ಭಾಷೆಯಲ್ಲಿ ಅದು ಇಂದಿಗೂ ಜೀವಂತ: ಹಾರು ಎಂಬುದರಿಂದ ವಿಮಾನಕ್ಕೆ ‘ಲೆತಾದ್ಲೊ’ ಎಂದರು, ನೋಡು ಎಂಬುದರಿಂದ ರಂಗಮಂದಿರಕ್ಕೆ ‘ದಿವಾದ್ಲೊ’ ಎಂದರು. ಗ್ರೀಕಿನ ಥೆಆತ್ರೊನ್ ಕೂಡ ನೋಡು ಎಂಬ ಅರ್ಥದಿಂದಲೇ ಆದದ್ದು. ಹಾಗೆಂದು ಮೂಲಭಾಷೆಯ ಜನರಿಗೆ ರಂಗಮಂದಿರವಿತ್ತೆಂದು ಯಾರೂ ಹೇಳಲಾರರು. ಪದವೇ ಪ್ರಾಚೀನವೆನ್ನಬೇಕಾದರೆ ಧಾತು, ಧಾತುವಿನ ಸ್ವರದರ್ಜೆ, ಪ್ರತ್ಯಯದ ರೂಪ, ಅರ್ಥ ಇವೆಲ್ಲ ಒಂದಕ್ಕೊಂದು ದೂರವಾದ ಶಾಖೆಗಳಲ್ಲಿ ಹೊಂದಬೇಕು. ಗ್ರೀಕ್, ಐರಿಷ್, ಆರ್ಮೇನಿಯನ್‌ಗಳ ನೇಗಿಲು ಈ ಪರೀಕ್ಷೆಯನ್ನು ಗೆಲ್ಲುತ್ತದೆ.

ಅಭ್ಯಾಸಕ್ಕೆ ‘ಶ್ರೋತ್ರ’ವನ್ನು ತೆಗೆದುಕೊಳ್ಳಿ. ಧಾತು ‘ಶ್ರು’, ಅರ್ಥ ಕೇಳುವ ಸಾಧನವಾದ ಕಿವಿ, ಲಿಂಗ ನಪುಂಸಕ. ಮೂರು ಪ್ರಶ್ನೆಗಳಿಗೂ ಉತ್ತರ ಸರಿಯಾಗಿದೆ. ಅವೆಸ್ತನ್‌ನಲ್ಲಿ ‘ಸ್ರಓಥ್ರ’ ಎಂದರೆ ಹಾಡುವಿಕೆ. ಹಳೆಯ ಇಂಗ್ಲಿಷಿನಲ್ಲಿ ನಾದ, ದನಿ ಎಂಬ ಅರ್ಥಗಳ ‘ಹ್ಲೇಓಥೊರ್’ ಇದೆ; ಜರ್ಮ್ಯಾನಿಕ್ ಭಾಷೆಗಳಲ್ಲಿ ಹಿಂದಿನ ಕಕಾರ ಹಕಾರವಾಗಿ, ತಕಾರ ಉಜ್ಜಿದ ಥಕಾರವಾಗಿ ಬದಲಾಗುವುದು ನಿಯತವಾದ್ದರಿಂದ ಇದರ ಹಿಂದೆ *ಕ್ಲೆವ್-ತ್ರೊಮ್ ಕಾಣುತ್ತದೆ. ಸಂಸ್ಕೃತದ ಶಕಾರಕ್ಕೆ ಮೂಲವಾದದ್ದು ತಾಲುವಿನ ಕಡೆಗೆ ವಾಲಿದ ಒಂದು ಕಕಾರ, ‘ಶ್ರು’ವಿನ ರಕಾರಕ್ಕೆ ಮೂಲವಾದದ್ದು ಗ್ರೀಕ್ ‘ಕ್ಲುಓ’, ಲ್ಯಾಟಿನ್ ‘ಕ್ಲುಎಓ’ಗಳಲ್ಲಿ ಉಳಿದಿರುವ ಲಕಾರ. ಮೂರು ಭಾಷೆಗಳಲ್ಲಿ ಧಾತುವೂ ಸ್ವರವೂ ಹೊಂದಿಕೊಂಡವು, ರ-ಲ ಭೇದವನ್ನು ಉಳಿಸಿಕೊಂಡ ಹಳೆಯ ಇಂಗ್ಲಿಷೂ ರಕಾರವನ್ನೇ ತೋರಿಸಿತು. ಆದರೂ *-ತ್ರೊಮ್‌ನ ರಕಾರಕ್ಕೆ ಈ ಪದವನ್ನು ಸಾಕ್ಷಿಯಾಗಿ ನಿಲ್ಲಿಸುವಂತಿಲ್ಲ: ಧಾತುವಿನಲ್ಲಿಯೇ ಒಂದು ಲಕಾರವಿರುವುದರಿಂದ, ಮೊದಲು *ಕ್ಲೆವ್-ತ್ಲೊಮ್ ಎಂದೇ ಇದ್ದು, ಎರಡನೆಯ ಲಕಾರ ಲ್ಯಾಟಿನ್ನಿನ ಸಿಮುಲಾಕ್ರುಮ್‌ನಲ್ಲಿ ಆದಂತೆ ರಕಾರವಾಗಿರುವುದು ಸಾಧ್ಯ. ಆ ಸಾಕ್ಷ್ಯಕ್ಕೆ ಅರೊತ್ರೊನ್ ಕಡೆಗೇ ಹೋಗಬೇಕು. ಅದರ ಧಾತುವಿನಲ್ಲಿ ಆಗಲೇ ಒಂದು ರಕಾರವಿದ್ದು, ಪ್ರತ್ಯಯವನ್ನು ಲಕಾರದ ಕಡೆಗೆ ಎಳೆಯುವ ಸೆಳೆತ ಇದ್ದರೂ ಅಲ್ಲಿ ರಕಾರವೇ ನಿಂತಿದೆ.